ನಾಯಕನಿದ್ದಾನೆ, ಪ್ರಣಾಳಿಕೆ ಇಲ್ಲ: ಅಮೆರಿಕದ ಬಲಪಂಥದ ಒಳಜಗಳ

2020ರ ಆಗಸ್ಟ್‌ನಲ್ಲಿ ನಡೆದ ರಿಪಬ್ಲಿಕನ್ ಪಕ್ಷದ ಮಹಾಧಿವೇಶನ ಪ್ರಣಾಳಿಕೆ ಬರೆಯುವ ಗೋಜಿಗೇ ಹೋಗಲಿಲ್ಲ. 2016ರದ್ದೇ ಇರಲಿ, ಅಧ್ಯಕ್ಷರ ‘ಅಮೆರಿಕ ಮೊದಲು’ ಕಾರ್ಯಸೂಚಿಗೆ ನಮ್ಮ ಬೆಂಬಲವಿದೆ ಎಂದು ನಿರ್ಣಯ ಅಂಗೀಕರಿಸಿ ಕೈತೊಳೆದುಕೊಂಡಿತು. 2024ರಲ್ಲಿ ಪ್ರಣಾಳಿಕೆ ಬಂತು, ಆದರೆ ಗಾತ್ರದಲ್ಲಿ 2016ರದ್ದರ ಮೂರನೇ ಒಂದು ಭಾಗವೂ ಇರಲಿಲ್ಲ. ಗಾತ್ರಕ್ಕಿಂತ ಒಳಗಿನ ಬದಲಾವಣೆ ದೊಡ್ಡದು. ಗರ್ಭಪಾತಕ್ಕೆ ದೇಶವ್ಯಾಪಿ ನಿರ್ಬಂಧ ಬೇಕೆಂದು ದಶಕಗಳಿಂದ ಹೇಳುತ್ತ ಬಂದಿದ್ದ ಪಕ್ಷ ಆ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಹಿರಿಯರ ಪಿಂಚಣಿ ಮತ್ತು ಆರೋಗ್ಯ ಯೋಜನೆಗಳನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿತು. ಆಮದಿನ ಮೇಲೆ ಸುಂಕ ಹಾಕುವುದನ್ನು ಬೆಂಬಲಿಸಿತು. ರೊನಾಲ್ಡ್ ರೇಗನ್ ಕಾಲದ ರಿಪಬ್ಲಿಕನ್ನನೊಬ್ಬ ಹೆಸರು ಮುಚ್ಚಿಕೊಂಡು ಇದನ್ನು ಓದಿದರೆ ಎದುರಾಳಿ ಪಕ್ಷದ್ದಿರಬೇಕು ಎಂದುಕೊಳ್ಳುವ ಸಾಲುಗಳು ಇದರಲ್ಲಿವೆ.

ಅಮೆರಿಕದ ಬಲಪಂಥ ನಾಯಕನಿಗಾಗಿ ಹುಡುಕುತ್ತಿದೆ ಎಂಬ ಮಾತು 2008ರಿಂದಲೂ ಕೇಳಿಬರುತ್ತಿದೆ. ನಾಯಕನೇನೋ 2016ರಲ್ಲಿ ಸಿಕ್ಕ. ಬಣಗಳನ್ನು ಕೂಡಿಸುವ ಒಂದು ವಾದ ಇರಬೇಕಾಗಿದ್ದ ಜಾಗದಲ್ಲಿ ಅವನೇ ಕುಳಿತದ್ದು ಈಗಿನ ತೊಡಕು. ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಡೊನಾಲ್ಡ್ ಟ್ರಂಪ್ ಮತ್ತೊಮ್ಮೆ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಆ ಜಾಗ 2028ಕ್ಕೆ ಖಾಲಿಯಾಗುತ್ತದೆ.

ಮೂರು ಬಣ, ಒಬ್ಬ ಶತ್ರು

ಎರಡನೇ ಮಹಾಯುದ್ಧದ ನಂತರದ ಬಲಪಂಥದಲ್ಲಿ ಮೂರು ಬಗೆಯವರಿದ್ದರು. ತೆರಿಗೆ ಇಳಿಸಿ, ಸರ್ಕಾರವನ್ನು ಕಿರಿದಾಗಿಸಿ ಎನ್ನುವ ಮುಕ್ತ ಮಾರುಕಟ್ಟೆಯವರು. ಚರ್ಚು, ಕುಟುಂಬ, ಪದ್ಧತಿ ಎನ್ನುವ ಸಂಪ್ರದಾಯಸ್ಥರು. ಸೋವಿಯತ್ ಒಕ್ಕೂಟವನ್ನು ಮಣಿಸುವುದೇ ಮೊದಲ ಕೆಲಸ ಎನ್ನುವವರು. ಇವರು ಒಬ್ಬರಿಗೊಬ್ಬರು ಹೊಂದುವವರೇನಲ್ಲ. ದೊಡ್ಡ ಸೈನ್ಯ ಸಾಕಲು ದೊಡ್ಡ ಸರ್ಕಾರವೇ ಬೇಕು. ಮಾರುಕಟ್ಟೆಗೆ ಭಾನುವಾರವೂ ಅಂಗಡಿ ತೆರೆದಿರಬೇಕು, ಚರ್ಚಿಗೆ ಮುಚ್ಚಿರಬೇಕು.

ಇವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಕೆಲಸ ನಡೆದದ್ದು ವಿಲಿಯಂ ಎಫ್. ಬಕ್ಲಿ 1955ರಲ್ಲಿ ಆರಂಭಿಸಿದ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯಲ್ಲಿ. ಅದರ ಸಂಪಾದಕರಲ್ಲೊಬ್ಬರಾದ ಫ್ರ್ಯಾಂಕ್ ಮೇಯರ್ ಮುಂದಿಟ್ಟ ವಾದ ಸರಳ: ಬಲವಂತದಿಂದ ಬಂದ ಸದ್ಗುಣ ಸದ್ಗುಣವಲ್ಲ, ಆದ್ದರಿಂದ ಧರ್ಮ ಉಳಿಯಬೇಕೆನ್ನುವವನಿಗೂ ಸ್ವಾತಂತ್ರ್ಯವೇ ಮೊದಲು ಬೇಕು. ತಾತ್ವಿಕವಾಗಿ ಇದರಲ್ಲಿ ಎಷ್ಟು ಹುರುಳಿದೆ ಎಂಬ ಚರ್ಚೆ ಮುಗಿದಿಲ್ಲ. ರಾಜಕೀಯವಾಗಿ ಕೆಲಸ ಮಾಡಿತು, ಏಕೆಂದರೆ ಮೂವರಿಗೂ ಕಮ್ಯುನಿಸಂ ಶತ್ರು: ಒಬ್ಬನಿಗೆ ಆಸ್ತಿ ಕಸಿಯುವುದರಿಂದ, ಒಬ್ಬನಿಗೆ ದೇವರನ್ನು ಒಪ್ಪದ್ದರಿಂದ, ಇನ್ನೊಬ್ಬನಿಗೆ ಕ್ಷಿಪಣಿ ಗುರಿಯಿಟ್ಟದ್ದರಿಂದ.

1964ರ ಅಧ್ಯಕ್ಷ ಚುನಾವಣೆಯಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಈ ಸಂದೇಶ ಹೊತ್ತು ನಿಂತು ಆರೇ ರಾಜ್ಯ ಗೆದ್ದರು. 1980ರಲ್ಲಿ ಹೆಚ್ಚುಕಡಿಮೆ ಅದೇ ಸಂದೇಶ ಹಿಡಿದು ರೇಗನ್ 44 ರಾಜ್ಯ ಗೆದ್ದರು, 1984ರಲ್ಲಿ 49. ಅಧಿಕಾರ ಬಂದಮೇಲೆ ಪ್ರತಿ ಬಣಕ್ಕೂ ಅದರದರ ಪಾಲು ಸಿಕ್ಕಿತು. ಶೇ 70ರಷ್ಟಿದ್ದ ಗರಿಷ್ಠ ಆದಾಯ ತೆರಿಗೆ ದರ ಶೇ 28ಕ್ಕೆ ಇಳಿಯಿತು. ರಕ್ಷಣಾ ವೆಚ್ಚ ಏರಿತು. ನ್ಯಾಯಾಂಗದ ಕಡೆ 1982ರಲ್ಲಿ ಹುಟ್ಟಿದ ಫೆಡರಲಿಸ್ಟ್ ಸೊಸೈಟಿ ಬಲಪಂಥೀಯ ನ್ಯಾಯಮೂರ್ತಿಗಳ ಪೀಳಿಗೆಯನ್ನೇ ತಯಾರು ಮಾಡತೊಡಗಿತು. ಇಂದು ರೇಗನ್ ಹೆಸರು ಹೇಳಿ ವಲಸೆಯನ್ನು ವಿರೋಧಿಸುವವರು ಮರೆಯುವ ವಿಷಯವೂ ಒಂದಿದೆ. 1986ರಲ್ಲಿ ಅವರು ಸಹಿ ಹಾಕಿದ ಕಾನೂನಿನಿಂದ ದಾಖಲೆಗಳಿಲ್ಲದ ಸುಮಾರು 27 ಲಕ್ಷ ವಲಸಿಗರು ಕಾನೂನುಬದ್ಧ ನಿವಾಸಿಗಳಾದರು.

1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಎರಡು ತಿಂಗಳೂ ಕಳೆದಿರಲಿಲ್ಲ, ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ) ಪ್ಯಾಟ್ ಬುಕ್ಯಾನನ್ ತಮ್ಮದೇ ಪಕ್ಷದ ಹಾಲಿ ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯು. ಬುಷ್‌ಗೆ ಸಡ್ಡು ಹೊಡೆದು ಶೇ 37ರಷ್ಟು ಮತ ಪಡೆದರು. ವಲಸೆ ನಿಲ್ಲಿಸಿ, ಕಾರ್ಖಾನೆ ಉಳಿಸಿ, ಹೊರದೇಶದ ಯುದ್ಧ ಬೇಡ ಎಂಬ ಅವರ ಘೋಷಣೆಗಳು ಅಂದು ಅಂಚಿನವು, ಇಂದು ಪಕ್ಷದ ನಡುಮನೆಯಲ್ಲಿವೆ. ಬುಷ್ ಪೆಟ್ಟು ತಿನ್ನಲು ಇನ್ನೊಂದು ಕಾರಣವಿತ್ತು. ಅದಕ್ಕೆ ಮುಂದೆ ಬರೋಣ.

ಪಕ್ಷದ ಮೇಲ್ಪದರಕ್ಕೂ ಮತದಾರರಿಗೂ ಬಿರುಕು ಬಿಟ್ಟ ದಿನವನ್ನು ಗುರುತಿಸಬೇಕೆಂದರೆ 2008ರ ಸೆಪ್ಟೆಂಬರ್ 29 ಸೂಕ್ತ. ಮುಳುಗುತ್ತಿದ್ದ ಬ್ಯಾಂಕುಗಳಿಗೆ 70,000 ಕೋಟಿ ಡಾಲರ್ ನೀಡುವ ಮಸೂದೆಯನ್ನು ರಿಪಬ್ಲಿಕನ್ ಅಧ್ಯಕ್ಷರೇ ತಂದಿದ್ದರು. ಕೆಳಮನೆಯಲ್ಲಿ 228–205ರಲ್ಲಿ ಅದು ಬಿತ್ತು, ಬೀಳಿಸಿದ್ದರಲ್ಲಿ 133 ಮಂದಿ ರಿಪಬ್ಲಿಕನ್ನರು. ನಾಲ್ಕು ದಿನದಲ್ಲಿ ತಿದ್ದಿ ಪಾಸು ಮಾಡಿಸಿಕೊಂಡರು ಎನ್ನುವುದು ಬೇರೆ ಮಾತು. ಊರಿನ ಮತದಾರ ಮನೆ ಸಾಲ ಕಟ್ಟಲಾರದೆ ಒದ್ದಾಡುವಾಗ ‘ಸರ್ಕಾರ ಮಾರುಕಟ್ಟೆಗೆ ಕೈಹಾಕಬಾರದು’ ಎಂದು ಮೂವತ್ತು ವರ್ಷ ಬೋಧಿಸಿದವರೇ ಬ್ಯಾಂಕಿಗೆ ಕೈಹಿಡಿದರು. ತೆರಿಗೆ, ಸರ್ಕಾರಿ ವೆಚ್ಚ ವಿರೋಧಿಸುವ ಟೀ ಪಾರ್ಟಿ ಚಳವಳಿ ಹುಟ್ಟಿದ್ದು ಮರುವರ್ಷ. 2012ರ ಸೋಲಿನ ನಂತರ ಪಕ್ಷದ ಸಮಿತಿಯೊಂದು ಆತ್ಮಾವಲೋಕನದ ವರದಿ ಬರೆದು, ಹಿಸ್ಪಾನಿಕ್ ಮತ ಬೇಕಾದರೆ ವಲಸೆ ಕಾನೂನು ಸಡಿಲಿಸಿ ಎಂದಿತು. 2014ರ ಜೂನ್‌ನಲ್ಲಿ ಕೆಳಮನೆಯ ಬಹುಮತ ನಾಯಕ ಎರಿಕ್ ಕ್ಯಾಂಟರ್ ವರ್ಜೀನಿಯಾದ ತಮ್ಮ ಕ್ಷೇತ್ರದ ಪ್ರೈಮರಿಯಲ್ಲೇ ಅಷ್ಟೇನೂ ಹೆಸರಿಲ್ಲದ ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರೆದುರು ಸೋತರು. ಆ ಪ್ರಚಾರದ ಮುಖ್ಯ ವಿಷಯ ವಲಸೆ. ವರದಿಗೆ ಮತದಾರ ಕೊಟ್ಟ ಉತ್ತರ ಅದು.

ಮೂರನೇ ಒಂದು ಭಾಗ ಮತ, ಇಡೀ ರಾಜ್ಯ

2016ರಲ್ಲಿ ಪಕ್ಷದ ಒಳಗಿನ ಬಹುಪಾಲು ನಾಯಕರಿಗೆ ಬೇಡವಾಗಿದ್ದವರು ಅಭ್ಯರ್ಥಿಯಾದದ್ದು ಹೇಗೆ ಎಂಬುದಕ್ಕೆ ಭಾಷಣ, ಟಿವಿ, ಆಕ್ರೋಶ ಎಂದೆಲ್ಲ ಕಾರಣ ಕೊಡುತ್ತಾರೆ. ನಿಯಮದ ಪುಸ್ತಕ ತೆರೆದರೆ ಇನ್ನಷ್ಟು ನಿಖರ ಉತ್ತರ ಸಿಗುತ್ತದೆ. ಮುಂದಿನ ನಾಯಕನೂ ಇದೇ ದಾರಿಯಲ್ಲಿ ಬರಬೇಕಾದ್ದರಿಂದ ಇದನ್ನು ವಿವರವಾಗಿಯೇ ನೋಡಬೇಕು.

ಅಭ್ಯರ್ಥಿಯನ್ನು ಆರಿಸುವವರು ರಾಷ್ಟ್ರೀಯ ಅಧಿವೇಶನದಲ್ಲಿ ರಾಜ್ಯಗಳನ್ನು ಪ್ರತಿನಿಧಿಸುವ ಡೆಲಿಗೇಟ್‌ಗಳು. 2016ರಲ್ಲಿ ಒಟ್ಟು 2,472 ಡೆಲಿಗೇಟ್‌ಗಳಿದ್ದರು, ಗೆಲ್ಲಲು 1,237 ಬೇಕಿತ್ತು. ಯಾವ ರಾಜ್ಯದ ಡೆಲಿಗೇಟ್‌ಗಳನ್ನು ಹೇಗೆ ಹಂಚಬೇಕೆಂದು ಆಯಾ ರಾಜ್ಯ ಘಟಕ ತೀರ್ಮಾನಿಸುತ್ತದೆ, ರಾಷ್ಟ್ರೀಯ ಸಮಿತಿ ಚೌಕಟ್ಟು ಹಾಕಿಕೊಡುತ್ತದೆ. ಮಾರ್ಚ್ ನಡುಭಾಗಕ್ಕೆ ಮೊದಲು ಪ್ರೈಮರಿ ನಡೆಸುವ ರಾಜ್ಯಗಳು ಮತದ ಅನುಪಾತದಲ್ಲಿ ಹಂಚಬೇಕು. ಅದರಲ್ಲೂ ಶೇ 20ರವರೆಗೆ ಕನಿಷ್ಠ ಮಿತಿ ಹಾಕಬಹುದು, ಅಷ್ಟು ಮುಟ್ಟದವನಿಗೆ ಏನೂ ಇಲ್ಲ. ಆನಂತರದ ರಾಜ್ಯಗಳು ಮೊದಲು ಬಂದವನಿಗೇ ಎಲ್ಲವನ್ನೂ ಕೊಡಬಹುದು. ಅಯೋವ, ನ್ಯೂ ಹ್ಯಾಂಪ್‌ಶೈರ್, ಸೌತ್ ಕ್ಯಾರೊಲಿನಾ, ನೆವಾಡ ಎಂಬ ನಾಲ್ಕು ಆರಂಭಿಕ ರಾಜ್ಯಗಳಿಗೆ ಅನುಪಾತದ ಕಟ್ಟುಪಾಡಿಲ್ಲ.

ಸೌತ್ ಕ್ಯಾರೊಲಿನಾ ಲೆಕ್ಕ ನೋಡಿ. ಅಲ್ಲಿ 50 ಡೆಲಿಗೇಟ್‌ಗಳು. 29 ರಾಜ್ಯಮಟ್ಟದಲ್ಲಿ ಮೊದಲು ಬಂದವನಿಗೆ, ಉಳಿದವು ಏಳು ಸಂಸತ್ ಕ್ಷೇತ್ರಗಳಲ್ಲಿ ತಲಾ ಮೂರರಂತೆ ಆಯಾ ಕ್ಷೇತ್ರದಲ್ಲಿ ಮೊದಲು ಬಂದವನಿಗೆ. 2016ರ ಫೆಬ್ರುವರಿ 20ರಂದು ಟ್ರಂಪ್ ಪಡೆದದ್ದು ಶೇ 32.5. ಮಾರ್ಕೊ ರುಬಿಯೊ, ಟೆಡ್ ಕ್ರೂಜ್ ಇಬ್ಬರೂ ಶೇ 22ರ ಆಸುಪಾಸು. ಜೆಬ್ ಬುಷ್, ಜಾನ್ ಕೇಸಿಕ್, ಬೆನ್ ಕಾರ್ಸನ್ ಏಳೆಂಟು ಶೇಕಡದವರು. ಮೂರರಲ್ಲಿ ಎರಡು ಪಾಲು ಜನ ಬೇರೆಯವರಿಗೆ ಹಾಕಿದ್ದರು, 50ಕ್ಕೆ 50 ಡೆಲಿಗೇಟ್‌ಗಳೂ ಟ್ರಂಪ್ ಬುಟ್ಟಿಗೆ ಬಿದ್ದರು.

2012ರಲ್ಲಿ ಮಿಟ್ ರಾಮ್ನಿ ತಿಂಗಳುಗಟ್ಟಲೆ ಒಳಹೋರಾಟ ಮಾಡಿ ಬಸವಳಿದರು ಎಂದು ಪಕ್ಷದ ಹಿರಿಯರೇ ಮುಂದಿನ ಸಲಕ್ಕೆ ವೇಳಾಪಟ್ಟಿಯನ್ನು ಬಿಗಿಗೊಳಿಸಿದ್ದರು. ಗೆಲ್ಲುವವನು ಬೇಗ ಗೆಲ್ಲಲಿ ಎಂಬ ಉದ್ದೇಶ. ತಮ್ಮವನೊಬ್ಬನಿಗೆ ಹಾಸಿದ ಹಾಸಿಗೆಯಲ್ಲಿ ಬೇರೆಯವರು ಮಲಗಿದರು. ವಿರೋಧಿಗಳು ಒಬ್ಬನ ಹಿಂದೆ ಒಂದಾಗಬೇಕಿತ್ತು, ಆದರೆ ‘ನೀನು ಬಿಡು, ನಾನಿರುತ್ತೇನೆ’ ಎಂಬ ಕಾಯುವಿಕೆಯಲ್ಲಿ ಸಮಯ ಹೋಯಿತು. 17 ಪ್ರಮುಖ ಅಭ್ಯರ್ಥಿಗಳಿದ್ದಾಗ ಶೇ 30 ಗಟ್ಟಿ ಬೆಂಬಲವಿದ್ದವನೇ ರಾಜ.

2024ರ ಹೊತ್ತಿಗೆ ಟ್ರಂಪ್ ಬಳಗ ನಿಯಮದ ಮಹತ್ವವನ್ನು ಚೆನ್ನಾಗಿ ಅರಿತಿತ್ತು. ಅರ್ಧಕ್ಕಿಂತ ಹೆಚ್ಚು ಮತ ಬಂದವನಿಗೆ ರಾಜ್ಯದ 169 ಡೆಲಿಗೇಟ್‌ಗಳೂ ಸೇರಬೇಕು ಎಂದು ಕ್ಯಾಲಿಫೋರ್ನಿಯಾ ಘಟಕ 2023ರಲ್ಲೇ ನಿಯಮ ಬದಲಿಸಿತು. ನೆವಾಡದಲ್ಲಿ ಸರ್ಕಾರ ನಡೆಸಿದ ಪ್ರೈಮರಿಯನ್ನು ಪಕ್ಷ ಲೆಕ್ಕಕ್ಕೇ ತೆಗೆದುಕೊಳ್ಳದೆ ಪ್ರತ್ಯೇಕ ಕಾಕಸ್ (ಪಕ್ಷವೇ ಸಭೆ ಸೇರಿಸಿ ನಡೆಸುವ ಮತದಾನ) ನಡೆಸಿತು. ಟ್ರಂಪ್ ಹೆಸರಿಲ್ಲದ ಆ ಪ್ರೈಮರಿಯಲ್ಲಿ ಅವರ ಎದುರಾಳಿ ನಿಕ್ಕಿ ಹೇಲಿ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆಯೆದುರು ಸೋತರು. ನಮ್ಮ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನೋಟಾಗೆ ಇಂಥ ಯೋಗ ಇನ್ನೂ ಬಂದಿಲ್ಲ.

ಒಂದೇ ಮಸೂದೆ, ಎರಡು ದಿಕ್ಕಿನ ಬಂಡಾಯ

ಟ್ರಂಪ್ ಬಣಗಳನ್ನು ಒಂದು ವಾದದಿಂದ ಕೂಡಿಸಿದವರಲ್ಲ. ಒಬ್ಬೊಬ್ಬರಿಗೂ ಅವರಿಗೆ ಬೇಕಾದ್ದನ್ನು ಕೊಟ್ಟು, ಪರಸ್ಪರ ವಿರುದ್ಧವಾದ ಭರವಸೆಗಳನ್ನು ತಮ್ಮೊಬ್ಬರಲ್ಲೇ ಹಿಡಿದಿಟ್ಟರು. ಚರ್ಚಿನವರಿಗೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಸಿಕ್ಕರು, 2022ರ ಜೂನ್ 24ರಂದು ಗರ್ಭಪಾತದ ಸಾಂವಿಧಾನಿಕ ಹಕ್ಕು ಹೋಯಿತು. ಆರು ವಾರವೂ ಆಗಿರಲಿಲ್ಲ, ರಿಪಬ್ಲಿಕನ್ ಕೋಟೆಯಾದ ಕಾನ್ಸಸ್‌ನಲ್ಲೇ ಗರ್ಭಪಾತ ವಿರೋಧಿ ತಿದ್ದುಪಡಿ ಜನಮತದಲ್ಲಿ ಬಿತ್ತು. ಪ್ರಣಾಳಿಕೆಯಿಂದ ಆ ಸಾಲು ಜಾರಿಹೋದದ್ದು ಅದಕ್ಕೇ.

ಒಳಗಿನ ವೈರುಧ್ಯ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು 2025ರ ಜುಲೈ 4ರಂದು ಕಾನೂನಾದ ಬೃಹತ್ ತೆರಿಗೆ–ವೆಚ್ಚ ಮಸೂದೆಯಲ್ಲಿ. 2017ರ ತೆರಿಗೆ ಕಡಿತಗಳನ್ನು ಅದು ಕಾಯಂ ಮಾಡಿತು. ಹೋಟೆಲ್ ಮಾಣಿಗಳಂಥವರ ಟಿಪ್ಸ್‌ಗೆ 25,000 ಡಾಲರ್‌ವರೆಗೆ ವಿನಾಯಿತಿ ಕೊಟ್ಟಿತು. ಖರ್ಚು ಸರಿದೂಗಿಸಲು ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ಗೆ ಕತ್ತರಿ ಹಾಕಿತು. ಮಕ್ಕಳ ಹೊಣೆ, ಅಂಗವೈಕಲ್ಯ ಮುಂತಾದ ಕಾರಣಗಳಿಲ್ಲದ ವಯಸ್ಕರು ತಿಂಗಳಿಗೆ 80 ಗಂಟೆ ದುಡಿದದ್ದನ್ನು ದಾಖಲೆ ಸಮೇತ ತೋರಿಸಬೇಕು. ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನಲ್ಲಿ ಹತ್ತು ವರ್ಷದ ಕೊರತೆಗೆ 3.4 ಲಕ್ಷ ಕೋಟಿ ಡಾಲರ್ ಸೇರುತ್ತದೆ, 2034ರ ಹೊತ್ತಿಗೆ ಒಂದು ಕೋಟಿ ಜನ ಆರೋಗ್ಯ ವಿಮೆ ಕಳೆದುಕೊಳ್ಳುತ್ತಾರೆ.

ಸೆನೆಟ್‌ನಲ್ಲಿ ಮೂವರು ರಿಪಬ್ಲಿಕನ್ನರು ವಿರುದ್ಧ ಹಾಕಿದರು. ಕೆಂಟಕಿಯ ರ‍್ಯಾಂಡ್ ಪಾಲ್ ವಿರೋಧ ಸಾಲ ಏರುತ್ತದೆ ಎಂದು. ಮೇನ್‌ನ ಸೂಸನ್ ಕಾಲಿನ್ಸ್, ನಾರ್ತ್ ಕ್ಯಾರೊಲಿನಾದ ಥಾಮ್ ಟಿಲಿಸ್ ವಿರೋಧ ಮೆಡಿಕೇಡ್ ಕಡಿತಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಮೊದಲನೆಯವರನ್ನು ಒಪ್ಪಿಸಲು ಕಡಿತ ಹೆಚ್ಚಿಸಬೇಕು, ಉಳಿದಿಬ್ಬರನ್ನು ಒಪ್ಪಿಸಲು ಕಡಿತ ಕೈಬಿಡಬೇಕು. ಕೊನೆಗೆ ಅಲಾಸ್ಕಾದ ಲಿಸಾ ಮರ್ಕೌಸ್ಕಿ ಮತ ದಕ್ಕಿದ್ದು ಆ ರಾಜ್ಯಕ್ಕೆಂದೇ ಹೊಲಿದ ಅನುಕೂಲಗಳಿಂದ. ಕಾನೂನಿನಲ್ಲಿ ಅಲಾಸ್ಕಾದ ತಿಮಿಂಗಿಲ ಬೇಟೆ ನಾಯಕರ ವೆಚ್ಚ ವಿನಾಯಿತಿಯನ್ನು 10,000ದಿಂದ 50,000 ಡಾಲರ್‌ಗೆ ಏರಿಸುವ ಕಲಮೂ ಇದೆ. 50–50 ಆದಾಗ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ನಿರ್ಣಾಯಕ ಮತ ಹಾಕಿದರು.

ಇಲ್ಲಿ ಸಿದ್ಧಾಂತ ಯಾರನ್ನೂ ಕಟ್ಟಿಹಾಕಲಿಲ್ಲ, ಕಟ್ಟಿಹಾಕಿದ್ದು ಪ್ರೈಮರಿಯ ಭಯ. ಟಿಲಿಸ್ ವಿರುದ್ಧ ಬೇರೆ ಅಭ್ಯರ್ಥಿ ನಿಲ್ಲಿಸುವುದಾಗಿ ಟ್ರಂಪ್ ಗುಡುಗಿದರು, ಮರುದಿನವೇ ಟಿಲಿಸ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ಈ ಬೆದರಿಕೆ ಚಲಾವಣೆಯಲ್ಲಿರುವುದು ಬೆದರಿಸುವವರು ಅಧಿಕಾರದಲ್ಲಿರುವ ತನಕ. ಮೆಡಿಕೇಡ್ ಈಗ ರಿಪಬ್ಲಿಕನ್ ಮತದಾರರ ಯೋಜನೆಯೂ ಹೌದು: ಒಕ್ಲಹೋಮ, ಮಿಸೌರಿ, ಸೌತ್ ಡಕೋಟದಂಥ ಕೆಂಪು, ಅಂದರೆ ರಿಪಬ್ಲಿಕನ್, ರಾಜ್ಯಗಳ ಜನ ಅದನ್ನು ವಿಸ್ತರಿಸಿದ್ದು ಜನಮತದ ಮೂಲಕ, ತಮ್ಮದೇ ನಾಯಕರ ಇಷ್ಟಕ್ಕೆ ವಿರುದ್ಧವಾಗಿ.

ಸುಂಕದ ಕಥೆಯೂ ಹೀಗೆಯೇ. ಟ್ರಂಪ್ ತುರ್ತು ಅಧಿಕಾರ ಬಳಸಿ ಹಾಕಿದ ಸುಂಕಗಳ ವಿರುದ್ಧ ಮೊದಲು ಕೋರ್ಟಿಗೆ ಹೋದವರಲ್ಲಿ ಲಿಬರ್ಟಿ ಜಸ್ಟಿಸ್ ಸೆಂಟರ್‌ನಂಥ ಮುಕ್ತ ಮಾರುಕಟ್ಟೆಯ ಸಂಸ್ಥೆಗಳಿವೆ. ಇತ್ತ 2020ರಲ್ಲಿ ಓರೆನ್ ಕ್ಯಾಸ್ ಕಟ್ಟಿದ ಅಮೆರಿಕನ್ ಕಂಪಾಸ್, ಸುಂಕ ಮತ್ತು ಕಾರ್ಮಿಕರ ವೇತನವೇ ಹೊಸ ಬಲಪಂಥದ ಅರ್ಥನೀತಿ ಎನ್ನುತ್ತದೆ. ವಿದೇಶಾಂಗ ನೀತಿಯಲ್ಲಿ ಪಕ್ಷ ನಟ್ಟನಡುವೆ ಸೀಳಿದೆ. 2024ರ ಏಪ್ರಿಲ್‌ನಲ್ಲಿ ಉಕ್ರೇನ್‌ಗೆ 6,100 ಕೋಟಿ ಡಾಲರ್ ನೆರವಿನ ಮಸೂದೆಗೆ ಕೆಳಮನೆಯ ರಿಪಬ್ಲಿಕನ್ನರಲ್ಲಿ 101 ಮಂದಿ ಪರ, 112 ಮಂದಿ ವಿರುದ್ಧ.

ಬೆಂಗಳೂರಿಗೆ ನೇರವಾಗಿ ತಟ್ಟಿದ ಜಗಳವೆಂದರೆ ಎಚ್‌–1ಬಿ ವೀಸಾ. 2024ರ ಕ್ರಿಸ್‌ಮಸ್ ಹೊತ್ತಿಗೆ ಇಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ವೀಸಾ ಪರ, ಟ್ರಂಪ್ ಅವರ ಹಿಂದಿನ ಸಲಹೆಗಾರ ಸ್ಟೀವ್ ಬ್ಯಾನನ್ ವಿರುದ್ಧ ನಿಂತು ಬಹಿರಂಗವಾಗಿ ಕಿತ್ತಾಡಿದರು. ಟ್ರಂಪ್ ಅಂದು ವೀಸಾ ಪರ ಮಾತಾಡಿದರು, 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದರು, ನವೆಂಬರ್‌ನಲ್ಲಿ ಕೆಲವು ಕೌಶಲಗಳು ನಮ್ಮಲ್ಲಿಲ್ಲ ಎಂದರು. ಇನ್ಫೊಸಿಸ್‌ನಂಥ ಕಂಪನಿಯ ಯೋಜನಾ ವಿಭಾಗಕ್ಕೆ ಇದು ಗೊಂದಲ, ಟ್ರಂಪ್‌ಗೆ ಇದೇ ವಿಧಾನ: ಎರಡೂ ಬಣಕ್ಕೆ ‘ನಮ್ಮವರೇ’ ಎನಿಸಬೇಕು. ಈ ವಿದ್ಯೆಯನ್ನು ಉತ್ತರಾಧಿಕಾರಿಗೆ ಕಲಿಸಿಕೊಡಲಾಗದು. ವ್ಯಾನ್ಸ್ ಹೀಗೆ ಮೂರು ಸಲ ಮಾತು ಬದಲಿಸಿದರೆ ಮೂರೂ ಸಲದ ವಿಡಿಯೊ ಅವರ ಎದುರಾಳಿಯ ಜಾಹೀರಾತಾಗುತ್ತದೆ.

ವರ್ಗವಾಗದ ಮತ

ಟ್ರಂಪ್ ಮತ ಅವರು ಬೊಟ್ಟು ಮಾಡಿದವರಿಗೆ ಹೋಗುತ್ತದೆ ಎಂಬ ನಂಬಿಕೆಗೆ ಅಂಕಿಗಳ ಬೆಂಬಲವಿಲ್ಲ. 2024ರಲ್ಲಿ ಅರಿಜೋನ, ನೆವಾಡ, ವಿಸ್ಕಾನ್ಸಿನ್, ಮಿಶಿಗನ್ ನಾಲ್ಕನ್ನೂ ಟ್ರಂಪ್ ಗೆದ್ದರು. ಅದೇ ದಿನ ಅದೇ ಮತಪತ್ರದಲ್ಲಿ ನಾಲ್ಕೂ ರಾಜ್ಯದ ಸೆನೆಟ್ ಸ್ಥಾನ ಡೆಮಾಕ್ರಟರ ಪಾಲಾಯಿತು. 2018ರ ಮಧ್ಯಂತರದಲ್ಲಿ (ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆ) ಪಕ್ಷ ಕೆಳಮನೆಯಲ್ಲಿ 40ರಷ್ಟು ಸ್ಥಾನ ಕಳೆದುಕೊಂಡಿತ್ತು. 2022ರಲ್ಲಿ ‘ಕೆಂಪು ಅಲೆ’ ಎಂದು ಬೀಗಿದ್ದು ಒಂಬತ್ತು ಸ್ಥಾನದ ಗಳಿಕೆಗೆ ನಿಂತಿತು. ಆ ವರ್ಷ ಜಾರ್ಜಿಯಾದಲ್ಲಿ ಟ್ರಂಪ್ ಕೆಂಗಣ್ಣಿಗೆ ಗುರಿಯಾಗಿದ್ದ ರಾಜ್ಯಪಾಲ (ಅಲ್ಲಿ ಇದು ಚುನಾಯಿತ ಹುದ್ದೆ) ಬ್ರಯಾನ್ ಕೆಂಪ್ ನಿರಾಯಾಸವಾಗಿ ಗೆದ್ದರು, ಟ್ರಂಪ್ ಆರಿಸಿದ ಹರ್ಷಲ್ ವಾಕರ್ ಸೆನೆಟ್ ಚುನಾವಣೆ ಸೋತರು.

ಓಹಿಯೊದ ಲೆಕ್ಕ ವ್ಯಾನ್ಸ್ ಬೆಂಬಲಿಗರು ಹೆಚ್ಚು ಹೇಳದ ಲೆಕ್ಕ. 2022ರ ಸೆನೆಟ್ ಪ್ರೈಮರಿಯಲ್ಲಿ ಹಿಂದುಳಿದಿದ್ದ ಅವರು ಟ್ರಂಪ್ ಬೆಂಬಲ ಘೋಷಿಸಿದ ಮೇಲೆ ಶೇ 32 ಮತದಿಂದ ಟಿಕೆಟ್ ಗಿಟ್ಟಿಸಿದರು. ನವೆಂಬರ್‌ನಲ್ಲಿ ಅವರ ಗೆಲುವಿನ ಅಂತರ ಸುಮಾರು ಆರು ಶೇಕಡಾಂಶ. ಅದೇ ದಿನ ಹಳೆಯ ಮಾದರಿಯ ರಿಪಬ್ಲಿಕನ್ ರಾಜ್ಯಪಾಲ ಮೈಕ್ ಡಿವೈನ್ ಗೆದ್ದದ್ದು 25 ಶೇಕಡಾಂಶದಿಂದ.

ಬಾಗಿಲು ಕಾಯುವವರು

ಬಕ್ಲಿ ಮಾಡಿದ ಕೆಲಸದಲ್ಲಿ ಕೂಡಿಸುವುದಷ್ಟೇ ಇರಲಿಲ್ಲ, ಹೊರಗಿಡುವುದೂ ಇತ್ತು. ಅಧ್ಯಕ್ಷ ಐಸೆನ್‌ಹೋವರ್ ಅವರನ್ನೇ ಕಮ್ಯುನಿಸ್ಟ್ ಏಜೆಂಟ್ ಎಂದ ಜಾನ್ ಬರ್ಚ್ ಸೊಸೈಟಿಯ ಸ್ಥಾಪಕ ರಾಬರ್ಟ್ ವೆಲ್ಚ್ ವಿರುದ್ಧ ಅವರು 1962ರಲ್ಲಿ ಬರೆದು, ಚಂದಾದಾರರ ಸಿಟ್ಟನ್ನೂ ಎದುರಿಸಿದರು. ಪತ್ರಿಕೆಗಳು ಬೆರಳೆಣಿಕೆಯಷ್ಟಿದ್ದಾಗ ಇದು ಸಾಧ್ಯವಿತ್ತು. 2025ರ ಅಕ್ಟೋಬರ್ ಕೊನೆಯಲ್ಲಿ ಬಲಪಂಥದ ಜನಪ್ರಿಯ ನಿರೂಪಕ ಟಕರ್ ಕಾರ್ಲ್‌ಸನ್ ಯೆಹೂದಿ ದ್ವೇಷಿ ನಿಕ್ ಫ್ಯುಯೆಂಟಿಸ್‌ನನ್ನು ಕೂರಿಸಿಕೊಂಡು ಮೆತ್ತಗೆ ಸಂದರ್ಶಿಸಿದರು. 1973ರಿಂದ ಬಲಪಂಥದ ನೀತಿ ಕಾರ್ಖಾನೆಯಾಗಿದ್ದ ಹೆರಿಟೇಜ್ ಫೌಂಡೇಷನ್‌ನ ಅಧ್ಯಕ್ಷ ಕೆವಿನ್ ರಾಬರ್ಟ್ಸ್ ಕಾರ್ಲ್‌ಸನ್ ಬೆನ್ನಿಗೆ ನಿಂತರು. ಆಡಳಿತ ಮಂಡಳಿಯಿಂದ ಪ್ರಿನ್ಸ್‌ಟನ್‌ನ ರಾಬರ್ಟ್ ಜಾರ್ಜ್ ಹೊರನಡೆದರು, ಡಿಸೆಂಬರ್‌ನಲ್ಲಿ ಹತ್ತಾರು ಸಿಬ್ಬಂದಿ ಹಿಂದಿನ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರ ಸಂಸ್ಥೆಗೆ ಸೇರಿದರು.

ಈ ಬಣಗಳ ನಡುವೆ ಓಡಾಡಿಕೊಂಡಿದ್ದ ಯುವ ಸಂಘಟಕ ಚಾರ್ಲಿ ಕರ್ಕ್ 2025ರ ಸೆಪ್ಟೆಂಬರ್ 10ರಂದು ಯೂಟಾದ ಕಾಲೇಜು ಆವರಣದಲ್ಲಿ ಗುಂಡಿಗೆ ಬಲಿಯಾದರು. ಅವರು ಕಟ್ಟಿದ ಟರ್ನಿಂಗ್ ಪಾಯಿಂಟ್ ಸಂಘಟನೆಯ ಡಿಸೆಂಬರ್ ಸಮಾವೇಶದಲ್ಲಿ ಬಲಪಂಥದ ವಿಶ್ಲೇಷಕ ಬೆನ್ ಶಪಿರೊ ವೇದಿಕೆಯಿಂದಲೇ ಕಾರ್ಲ್‌ಸನ್‌ರನ್ನು ಝಾಡಿಸಿದರು, ಕಾರ್ಲ್‌ಸನ್ ಅದೇ ವೇದಿಕೆಯಲ್ಲಿ ಗೇಲಿ ಮಾಡಿದರು. ಕೊನೆಯಲ್ಲಿ ಮಾತಾಡಿದ ವ್ಯಾನ್ಸ್ ಯಾರನ್ನೂ ಹೊರಗಿಡುವ ಪರೀಕ್ಷೆಗಳು ಬೇಡ ಎಂದರು. ಇದು ಔದಾರ್ಯ ಎನ್ನುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಲೆಕ್ಕಾಚಾರ. ಪ್ರೈಮರಿಯಲ್ಲಿ ಶೇ 30 ಬೇಕಿರುವವನು ಶೇ 5ರ ಗುಂಪನ್ನೂ ಕಳೆದುಕೊಳ್ಳಲು ಒಪ್ಪುವುದಿಲ್ಲ. ನವೆಂಬರ್‌ನಲ್ಲಿ ಅದೇ ಗುಂಪಿಗೆ ಹೆದರಿ ಮಧ್ಯಮ ಮಾರ್ಗದ ಮತದಾರ ದೂರ ಸರಿದರೆ ಬೆಲೆ ತೆರಬೇಕಾದವರೂ ಅವರೇ.

ಸದ್ಯಕ್ಕೆ ವ್ಯಾನ್ಸ್ ದಾರಿ ಸುಗಮವಾಗಿಯೇ ಇದೆ. ಕರ್ಕ್ ಪತ್ನಿ ಎರಿಕಾ ಅದೇ ಸಮಾವೇಶದಲ್ಲಿ ಬೆಂಬಲ ಘೋಷಿಸಿದರು, ವ್ಯಾನ್ಸ್ ನಿಂತರೆ ತಾನು ಜೊತೆಗಿರುವುದಾಗಿ ರುಬಿಯೊ ಹೇಳಿದ್ದಾರೆ. 2025ರ ಮಾರ್ಚ್‌ನಿಂದ ಪಕ್ಷದ ರಾಷ್ಟ್ರೀಯ ಸಮಿತಿಯ ಹಣಕಾಸು ಹೊಣೆಯೂ ಅವರದೇ. ದೇಣಿಗೆದಾರರ ಪಟ್ಟಿ ಕೈಯಲ್ಲಿರುವುದು ಸಣ್ಣ ಅನುಕೂಲವಲ್ಲ.

ಆದರೆ 1836ರ ನಂತರ ಹಾಲಿ ಉಪಾಧ್ಯಕ್ಷನಾಗಿದ್ದುಕೊಂಡು ಅಧ್ಯಕ್ಷ ಚುನಾವಣೆ ಗೆದ್ದವರು ಒಬ್ಬರೇ, 1988ರಲ್ಲಿ ಜಾರ್ಜ್ ಎಚ್.ಡಬ್ಲ್ಯು. ಬುಷ್. ರೇಗನ್ ವಾರಸುದಾರ ಎಂದು ಆರಿಸಿಬಂದ ಅವರು ಹೊಸ ತೆರಿಗೆ ಹಾಕುವುದಿಲ್ಲ ಎಂದು ಅಧಿವೇಶನದಲ್ಲಿ ಮಾತು ಕೊಟ್ಟಿದ್ದರು. 1990ರಲ್ಲಿ ಕೊರತೆ ತುಂಬಲು ಗರಿಷ್ಠ ದರವನ್ನು ಶೇ 28ರಿಂದ 31ಕ್ಕೆ ಏರಿಸಿದರು. ಬುಕ್ಯಾನನ್ ಎದ್ದು ನಿಂತದ್ದಕ್ಕೆ ಆ ಮೂರು ಶೇಕಡಾಂಶವೂ ಕಾರಣ. ಕೊರತೆಯನ್ನು ರೇಗನ್ ಬಿಟ್ಟುಹೋಗಿದ್ದರು, ಕಟ್ಟುವ ಸರದಿ ಬುಷ್‌ಗೆ ಬಂದಿತ್ತು.

ವ್ಯಾನ್ಸ್ ಕಟ್ಟಬೇಕಾದ ಬಾಕಿಯ ದಿನಾಂಕ ಕಾನೂನಿನಲ್ಲೇ ಇದೆ. ಮೆಡಿಕೇಡ್‌ನ 80 ಗಂಟೆ ನಿಯಮ ಜಾರಿಗೆ ಬರಬೇಕಾದ ಗಡುವು 2027ರ ಜನವರಿ 1, ಅಂದರೆ ಮಧ್ಯಂತರ ಚುನಾವಣೆ ಮುಗಿದು ಅಧ್ಯಕ್ಷೀಯ ಅಭ್ಯರ್ಥಿಗಳು ಅಯೋವದ ಕಡೆ ಮುಖ ಮಾಡುವ ಹೊತ್ತು. ಅವರದೇ ಓಹಿಯೊ 2014ರಲ್ಲಿ ರಿಪಬ್ಲಿಕನ್ ರಾಜ್ಯಪಾಲ ಜಾನ್ ಕೇಸಿಕ್ ಕಾಲದಲ್ಲಿ ಮೆಡಿಕೇಡ್ ವಿಸ್ತರಿಸಿಕೊಂಡ ರಾಜ್ಯ. ಅರ್ಹತೆ ಇದ್ದೂ ದಾಖಲೆ ಒದಗಿಸಲಾಗದೆ ಹೆಸರು ಕಳೆದುಕೊಂಡವರು ಯಾರ ಮತದಿಂದ ಹೀಗಾಯಿತು ಎಂದು ಕೇಳಿದರೆ, 51ನೆಯ ಮತ ಹಾಕಿದವರ ಹೆಸರು ಸೆನೆಟ್ ಕಡತದಲ್ಲಿದೆ.